ಸೀನುವ ಬಸ್ಸು ಯಾರದು?

“ಆಕ್ಷೀ! ಅಂತ ಬಸ್ಸು ಸೀನಿತು ನೋಡು,” ಅಂದ ಗಿಣಿಯ ಅಪ್ಪ, ಕತ್ತರಿಯನ್ನು ಕಚಕಚ ಆಡಿಸುತ್ತಾ. “ಸೀನಿದ ರಭಸಕ್ಕೆ ಮುಂದಿನ ಸೀಟಿನ ತಾತ ಹಿಂದಿನ ಸೀಟಿಗೆ ಹಾರಿದ. ಹಿಂದಿನ ಸೀಟಿನ ಅಜ್ಜಿ ಡ್ರೈವರ್ ಮಡಿಲಿಗೆ ಬಿದ್ದಳು. ಈಗ ನಿನ್ನ ಸರದಿ. ಆಮೇಲೇನಾಯ್ತು?”

ಕ್ಷೌರದಂಗಡಿಯ ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟ ಹಲಗೆಯಲ್ಲಿ ಬುಡ್ಡ ಕೂತಿದ್ದ. ಐದು ವರ್ಷದ ಪೋರ. ಕತ್ತರಿ ಕಂಡರೆ ಸಾಕು, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವನು ಈಗ ಗೊಂಬೆಯ ಹಾಗೆ ಅಲ್ಲಾಡದೆ ಯೋಚಿಸುತ್ತಿದ್ದ.

“ಡ್ರೈವರ್ ಮೀಸೆ ಅಜ್ಜಿಗೆ ಅಂಟ್ಕೊಳ್ತು!”

ಅಪ್ಪ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಂಚಿನ ಮೇಲೆ ಕೂತಿದ್ದ ಬುಡ್ಡನ ಅಜ್ಜಿಯೂ ನಕ್ಕರು. “ಎಷ್ಟು ಚುರುಕು ನೋಡಪ್ಪಾ, ನಮ್ಮ ಹುಡುಗ!”

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಗಿಣಿ ಮಾತ್ರ ನಗಲಿಲ್ಲ. ಅವಳ ಪೆನ್ಸಿಲ್ ಮೊನೆ ಪಟ್ಟನೆ ಮುರಿಯಿತು.

ಅದು ಅವಳ ಬಸ್ಸು! ಎರಡು ವರ್ಷದ ಹಿಂದೆ ಜ್ವರ ಬಂದು ಮಲಗಿದ್ದಾಗ ಅವಳೇ ಹುಟ್ಟಿಸಿದ್ದು. ಅಪ್ಪ ಒಂದು ಮಾತು ಹೇಳಬೇಕು, ಅವಳು ಒಂದು ಮಾತು ಹೇಳಬೇಕು, ಹೀಗೆ ಕತೆ ಓಡಬೇಕು. ಅದು ಅವರಿಬ್ಬರ ಆಟ. ಅಂಗಡಿಗೆ ರಜೆ ಇದ್ದ ದಿನ ಇಬ್ಬರೂ ಚಾಪೆ ಮೇಲೆ ಬಿದ್ದುಕೊಂಡು ಬಸ್ಸನ್ನು ಸಮುದ್ರಕ್ಕೂ ಓಡಿಸಿದ್ದರು, ಚಂದ್ರನ ಮೇಲೂ ಓಡಿಸಿದ್ದರು. ಟೀಚರ್ “ಒಂದು ಪುಟದ ಕತೆ ಬರೆಯಿರಿ” ಅಂದರೆ ಗಿಣಿ ನಾಲ್ಕು ಪುಟ ಬರೆಯುತ್ತಿದ್ದಳು. ಬಾಯಿ ಮುಚ್ಚದೆ ಕತೆ ಕಟ್ಟುತ್ತಾಳೆ ಅಂತಲೇ ಅವಳಿಗೆ ಗಿಣಿ ಅನ್ನುವ ಹೆಸರು ಬಿದ್ದದ್ದು.

ಈಗ ನೋಡಿದರೆ, ಅ ಆ ಇ ಈ ಕೂಡ ನೆಟ್ಟಗೆ ಬರೆಯಲು ಬಾರದ ಈ ಬುಡ್ಡನಿಗೆ ಅಪ್ಪ ಅದನ್ನು ಪುಕ್ಕಟೆ ಪೆಪ್ಪರ್‌ಮಿಂಟಿನ ಹಾಗೆ ಕೊಟ್ಟುಬಿಟ್ಟಿದ್ದಾನೆ! ಅದೂ ಅಲ್ಲದೆ, ತನ್ನ ಮಾತಿಗೆ ಅಪ್ಪ ಹೀಗೆ ಹೊಟ್ಟೆ ಹಿಡಿದುಕೊಂಡು ಯಾವತ್ತು ನಕ್ಕಿದ್ದ? ನೆನಪಿಗೇ ಬರಲಿಲ್ಲ.

“ಆಮೇಲೆ ಬಸ್ಸು ಎಲ್ಲಿಗೆ ಹೋಯ್ತು ಅಂದ್ರೆ…” ಅಪ್ಪ ಶುರುಮಾಡಿದ.

“ಗುಜರಿಗೆ ಹೋಯ್ತು!” ಗಿಣಿ ಎದ್ದು ನಿಂತು ಕೂಗಿದಳು. “ಗುಜರಿಯವನು ದೊಡ್ಡ ಸುತ್ತಿಗೆ ತಂದ. ಬಸ್ಸನ್ನು ಬಡಿದು ಬಡಿದು ಚೂರು ಚೂರು ಮಾಡಿದ. ಬಸ್ಸು ಸತ್ತೋಯ್ತು. ಕತೆ ಮುಗೀತು!”

“ಹಾಂ?” ಬುಡ್ಡ ಗಕ್ಕನೆ ಅವಳ ಕಡೆ ತಿರುಗಿದ.

ಕತ್ತರಿಯ ತುದಿ ಅವನ ಕಿವಿಗೆ ತಾಗಿತು. ಸಾಸಿವೆಯಷ್ಟು ರಕ್ತ. ಆದರೆ ಬುಡ್ಡ ಕಿರುಚಿದ ಕಿರುಚಾಟಕ್ಕೆ ಎದುರಿನ ಸೈಕಲ್ ಶಾಪಿನವರೂ ಓಡಿ ಬಂದರು. ಅಪ್ಪ ಹತ್ತಿ ಒತ್ತಿ ಹಿಡಿದ, ಸಮಾಧಾನ ಮಾಡಿದ. ಊಹೂಂ! ಬುಡ್ಡ ಹಲಗೆಯಿಂದ ಜಾರಿ, ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಹೊರಗೆ ಓಡಿದ. ತಲೆಯ ಒಂದು ಪಕ್ಕ ಕ್ರಾಪು, ಇನ್ನೊಂದು ಪಕ್ಕ ಪೊದೆ.

ಅಪ್ಪ ಬೈಯಲಿಲ್ಲ. ಕತ್ತರಿ ಒರೆಸುತ್ತಾ, “ಕಿವಿ ಆಗಿದ್ದಕ್ಕೆ ಸರಿಹೋಯ್ತು. ಕಣ್ಣಾಗಿದ್ರೆ?” ಅಂದ, ಅಷ್ಟೇ. ಅದನ್ನು ಕೇಳಿ ಗಿಣಿ ಹೋಮ್‌ವರ್ಕ್ ಪುಸ್ತಕ ಮುಚ್ಚಿಟ್ಟಳು.

ಮಾರನೆಯ ಸಂಜೆ ಸ್ಕೂಲಿಂದ ಬರುವಾಗ ಬುಡ್ಡ ತನ್ನ ಮನೆ ಮೆಟ್ಟಿಲ ಮೇಲೆ ಕೂತಿರುವುದು ಕಂಡಿತು. ಸೆಕೆಯಲ್ಲೂ ಉಣ್ಣೆ ಟೋಪಿ ಹಾಕಿದ್ದ. ಬೀದಿಯ ಹುಡುಗರು “ಅರ್ಧ ತಲೆ, ಅರ್ಧ ತಲೆ” ಅಂತ ಹಾಡಿ ಹೋಗಿದ್ದರಂತೆ. ಗಿಣಿ ತಲೆ ತಗ್ಗಿಸಿಕೊಂಡು ದಾಟಿ ಹೋಗಬೇಕೆಂದಿದ್ದಳು. ಆಗಲಿಲ್ಲ.

“ಕಿವಿ ನೋಯ್ತಿದೆಯಾ?” ಮೆಲ್ಲಗೆ ಕೇಳಿದಳು.

ಬುಡ್ಡ ಇಲ್ಲವೆಂದು ತಲೆ ಅಲ್ಲಾಡಿಸಿದ. “ಅಕ್ಕಾ, ಬಸ್ಸಿಗೆ ತುಂಬಾ ನೋವಾಯ್ತಾ?”

ಅವನು ಬೈದಿದ್ದರೆ ಗಿಣಿಯೂ ವಾಪಸ್ ಬೈಯಬಹುದಿತ್ತು. ಇವನು ಬಸ್ಸಿಗಾಗಿ ಅಳುವ ಹಾಗಿದ್ದಾನೆ.

“ಕತೆ… ಅಲ್ಲಿಗೆ ಮುಗೀಲಿಲ್ಲ ಕಣೋ. ನಾನು ಸುಮ್ನೆ ಹಾಗಂದೆ. ಶಾಪಿಗೆ ಬಾ, ಉಳಿದಿದ್ದು ಹೇಳ್ತೀನಿ.”

“ಕತ್ತರಿ?”

“ನಾನು ಪಕ್ಕದಲ್ಲೇ ಇರ್ತೀನಿ.”

ಅಜ್ಜಿಯ ಸೆರಗು ಹಿಡಿದುಕೊಂಡು ಬುಡ್ಡ ಬಂದ. ಟೋಪಿ ತೆಗೆಸಲು ಐದು ನಿಮಿಷ ಹಿಡಿಯಿತು. ಗಿಣಿ ಕನ್ನಡಿಯ ಪಕ್ಕದಲ್ಲಿ, ಅವನು ತಲೆ ತಿರುಗಿಸದೆ ತನ್ನನ್ನು ನೋಡುವಂತೆ ನಿಂತಳು. ಅಪ್ಪ ಕತ್ತರಿ ಎತ್ತಿಕೊಂಡ.

“ಬಸ್ಸಿನ ಚೂರುಗಳೆಲ್ಲ ಗುಜರಿಯಲ್ಲಿ ರಾಶಿ ಬಿದ್ದಿದ್ವು,” ಗಿಣಿ ಶುರುಮಾಡಿದಳು. “ಆಮೇಲೆ…” ತಾನೇ ಕೊಂದ ಬಸ್ಸನ್ನು ಬದುಕಿಸುವುದು ಹೇಗೆ?

“ಮೂಗು ಒಡೆದಿರ್ಲಿಲ್ಲ!” ಅಂದ ಬುಡ್ಡ. “ಮೂಗು ಮೆತ್ತಗಿರುತ್ತಲ್ಲ, ಸುತ್ತಿಗೆಗೆ ಒಡೆಯಲ್ಲ. ಅದರೊಳಗೆ ಧೂಳು ಹೋಯ್ತು. ಆಕ್ಷೀ! ಚೂರೆಲ್ಲ ಹಾರಿ ಅಂಟ್ಕೊಳ್ತು. ಆದ್ರೆ ಚಕ್ರ ಮೇಲೆ ಬಂತು, ಸೀಟು ಕೆಳಗೆ ಬಂತು!”

ಗಿಣಿ ಬಾಯಿ ಬಿಟ್ಟುಕೊಂಡು ನಿಂತಳು. ಇದು ತನಗೇಕೆ ಹೊಳೆಯಲಿಲ್ಲ? ‘ಬಸ್ಸಿಗೆಲ್ಲಿ ಮೆತ್ತನೆ ಮೂಗು, ಪೆದ್ದ!’ ಅನ್ನಲು ತುಟಿಯವರೆಗೂ ಬಂತು. ಆದರೆ ಬುಡ್ಡನ ಕಿವಿಯ ಹಿಂದೆ ಕತ್ತರಿ ಓಡುತ್ತಿತ್ತು. ಅವಳು ಮಾತು ನುಂಗಿಕೊಂಡಳು. ಅದಕ್ಕಿಂತ ಹೆಚ್ಚಾಗಿ, ಚಕ್ರ ಮೇಲಾದ ಬಸ್ಸು ಹೇಗೆ ಓಡುತ್ತದೆ ಅಂತ ಅವಳಿಗೂ ತಿಳಿಯಬೇಕಿತ್ತು.

ಇಬ್ಬರೂ ಸೇರಿ ಕಟ್ಟಿದ ಕತೆಯಲ್ಲಿ ಬಸ್ಸು ಗುಜರಿಯ ಚಾವಣಿಗೆ ಜೋತುಬಿದ್ದು ಓಡಿತು. ಪ್ರಯಾಣಿಕರು ಬಾವಲಿಗಳ ಹಾಗೆ ತಲೆಕೆಳಗಾಗಿ ಟಿಕೆಟ್ ಕೇಳಿದರು. ಅಷ್ಟರಲ್ಲಿ ಕ್ರಾಪು ಮುಗಿದೇಹೋಗಿತ್ತು. ಬುಡ್ಡ ಟೋಪಿಯನ್ನು ಅಜ್ಜಿಯ ಕೈಗೆ ತುರುಕಿ, ಬರಿ ತಲೆಯಲ್ಲಿ ಬೀದಿಗೆ ಜಿಗಿದ.

ಅಪ್ಪ ಪೊರಕೆ ಹಿಡಿದ. ಗಿಣಿ ಹಲಗೆ ತೆಗೆದು ಗೋಡೆಗೆ ಒರಗಿಸಿದಳು. ನಿನ್ನೆಯಿಂದ ಕೇಳಬೇಕೆಂದಿದ್ದ ಮಾತು ಹೊರಗೆ ಬಂತು.

“ಅವನಿಗೆ ಬೇರೆ ಕತೆ ಹೇಳಬಹುದಿತ್ತಲ್ಲಪ್ಪಾ. ನನ್ನ ಬಸ್ಸೇ ಯಾಕೆ ಬೇಕಿತ್ತು?”

ಅಪ್ಪ ಪೊರಕೆ ನಿಲ್ಲಿಸಿದ. ಸ್ವಲ್ಪ ನಾಚಿಕೊಂಡವನ ಹಾಗೆ ಕಂಡ.

“ಕೈಯಲ್ಲಿ ಕತ್ತರಿ ಇದ್ದಾಗ ಹೊಸದೇನೂ ಹೊಳೆಯಲ್ಲ ಮಗಳೇ. ಗಮನವೆಲ್ಲ ಮಕ್ಕಳ ಕಿವಿ ಮೇಲೇ ಇರುತ್ತೆ. ಬಾಯಿಪಾಠ ಬರೋದು ಮಾತ್ರ ನಾಲಿಗೆಗೆ ಬರುತ್ತೆ. ನನಗೆ ಬಾಯಿಪಾಠ ಬರೋದು ನೀನು ಹೇಳಿದ್ದೊಂದೇ.”

ಅಷ್ಟು ಹೇಳಿ ಮತ್ತೆ ಗುಡಿಸತೊಡಗಿದ.

ಗಿಣಿ ಬೆಂಚಿನ ಮೇಲೆ ಹತ್ತಿ ನಿಂತು, “ಇಲ್ಲಿ ಬಾ” ಅಂತ ಅಪ್ಪನನ್ನು ಹತ್ತಿರ ಕರೆದು, ಅವನ ಕಾಲರಿಗೆ ಅಂಟಿದ್ದ ಬುಡ್ಡನ ಕೂದಲನ್ನು ಒಂದೊಂದಾಗಿ ಹೆಕ್ಕತೊಡಗಿದಳು.