ಆಕಾಶದಲ್ಲಿ ಗೋಡೆಗಳು

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇದನ್ನು ಬರೆಯುವಷ್ಟು ಯಂತ್ರಜ್ಞಾನವಾಗಲಿ, ಪತ್ತೇದಾರಿ ಬುದ್ಧಿಯಾಗಲಿ ಇಲ್ಲಿಲ್ಲ. ಟೈಲರ್ ಹೇಳಿದ್ದನ್ನು ಎರಡೆರಡು ಸಲ ಕೇಳಿಸಿಕೊಂಡು, ಸಂಶಯ ಬಂದಲ್ಲಿ ಮೆಕ್ಯಾನಿಕ್ಕನ್ನು ವಿಚಾರಿಸಿ ಬರೆದದ್ದು. ಎಲ್ಲಾದರೂ ತಪ್ಪಿದ್ದರೆ ಅದು ಬರೆದ ಕೈಯದು, ಅವರದಲ್ಲ. ತಿಳಿದವರು ಮನ್ನಿಸಬೇಕು.

ಅಂದು ಬೆಳಿಗ್ಗೆ ಟೈಲರ್‌ನ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿಯಾಗಿರಲಿಲ್ಲ. ಅಷ್ಟರಲ್ಲಿ ಕಂಡಕ್ಟರಕ್ಕ ಸಮವಸ್ತ್ರದಲ್ಲೇ ಓಡಿ ಬಂದಳು. ಒಂದೇ ಗದರಿಕೆಗೆ ಬಸ್ಸು ತುಂಬಿದ ಜನರನ್ನು ಹಿಂದಕ್ಕೆ ಸರಿಸುವ ಹೆಂಗಸು ಈಗ ಬಾಗಿಲಲ್ಲಿ ಮಾತು ಹೊರಡದೆ ನಿಂತಿದ್ದಳು.

"ಡಾಕ್ಟ್ರಮ್ಮ ಎದ್ದಿದ್ದಾರಾ?"

"ಎದ್ದು ಪೇಪರೆಲ್ಲ ಓದಿ, ಸರ್ಕಾರಾನ ಬೈದೂ ಮುಗಿಸಿರ್ತಾರೆ. ಏನಾಯ್ತಕ್ಕ?"

"ನನ್ನ ಹೆಸರು ಹೋಯ್ತು, ಟೈಲರಣ್ಣ. ಯಾರೋ ಅಳಿಸಿಬಿಟ್ಟಿದ್ದಾರೆ."

ಟೈಲರಿಗೆ ಬೇರೇನೂ ಹೇಳಬೇಕಾಗಿರಲಿಲ್ಲ. ಪಕ್ಕದ ಆಟದಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳು ಎರಡು ಸಾಲಾಗಿ ನಿಂತಿದ್ದವು. ಕಾರಿನ ರೇಸು, ಹೊಡೆದಾಟ, ಏಣಿ ಹತ್ತಿ ಜಿಗಿಯುವ ಆಟ, ಗೋಡೆಗಳ ನಡುವೆ ದಾರಿ ಹುಡುಕುವ ಆಟ. ಅವುಗಳ ಪೈಕಿ ಕೊನೆಯದು ಅಂತರಿಕ್ಷದ ಗುಂಡಿನಾಟ. ಅದರಲ್ಲಿ ಹೆಚ್ಚು ಅಂಕ ಹೊಡೆದವರ ಪಟ್ಟಿಯ ಮೇಲ್ತುದಿಯಲ್ಲಿ ಮೂರು ವರ್ಷದಿಂದ ಕಂಡಕ್ಟರಕ್ಕನ ಅಕ್ಷರಗಳಿದ್ದವು: ಎ, ಕೆ, ಕೆ. 'ಅಕ್ಕ' ಎಂದು ಬರೆಯಹೊರಟರೆ ಯಂತ್ರ ಮೂರೇ ಅಕ್ಷರಕ್ಕೆ ಕೈ ಎತ್ತಿತ್ತು. ಪಕ್ಕದಲ್ಲಿ ಒಂಬತ್ತು ಲಕ್ಷ ದಾಟಿದ ಅಂಕ. ಅದನ್ನು ಹೊಡೆದ ಮಧ್ಯಾಹ್ನ ಟೈಲರ್ ಹೊಲಿಗೆ ಬಿಟ್ಟು ಅವಳ ಹಿಂದೆ ನಿಂತು ನೋಡಿದ್ದ. ಕಪ್ಪು ಆಕಾಶದಿಂದ ಮಳೆಯಂತೆ ಸುರಿಯುವ ಶತ್ರುಗಳ ನಡುವೆ ಆ ಪುಟ್ಟ ಹಡಗು ಗಾಯವಿಲ್ಲದೆ ತೂರಿಹೋಗುವುದನ್ನು ಕಂಡು ಅವನ ಮೈ ಜುಮ್ಮೆಂದಿತ್ತು. ಸುತ್ತಲಿನ ಗದ್ದಲವೆಲ್ಲ ತಾನಾಗಿ ನಿಂತುಹೋಗಿತ್ತು.

ಆ ಯಂತ್ರದ ಸ್ವಿಚ್ಚು ಆರಿಸಿದರೆ ಪಟ್ಟಿ ಅಳಿಸಿಹೋಗುತ್ತದೆ. ಅದಕ್ಕೇ ಅದನ್ನು ಯಾರೂ ಆರಿಸುತ್ತಿರಲಿಲ್ಲ. ಆಡುವವರಿಲ್ಲದಾಗ ಪಟ್ಟಿಯೊಂದೇ ಕಾಣುವಂತೆ ಮಾಲೀಕರೇ ಮಾಡಿಸಿದ್ದರು, ಗಿರಾಕಿಗಳಿಗೆ ಛಲ ಹುಟ್ಟಲಿ ಎಂದು. ಇಂದು ಸಂಜೆ ಹಳೆಯ ಆಟಗಳ ಪ್ರದರ್ಶನದಿಂದ ಒಬ್ಬ ಮೇಡಂ ಬರುವವರಿದ್ದರು. ಅಂಗಡಿಯ ಮೊಟ್ಟಮೊದಲ ಯಂತ್ರವಾದ ಗೋಡೆಗಳ ಆಟವನ್ನು ಅವರು ಒಯ್ಯುವುದೆಂದೂ, ಅಕ್ಕನ ಅಂಕವನ್ನು ಕಣ್ಣಾರೆ ನೋಡಿ ಪ್ರದರ್ಶನದ ಫಲಕದಲ್ಲಿ ಬರೆಸುವುದೆಂದೂ ಮಾತಾಗಿತ್ತು.

"ನನ್ನ ಮೈದುನ ನಂಬಲ್ಲ, ಡಿಪೋದಲ್ಲೂ ನಂಬಲ್ಲ," ಎಂದಳು ಅಕ್ಕ. "ಹೆಂಗಸು ಹೊಡೆದ ಅಂಕ, ಯಂತ್ರ ಕೆಟ್ಟಿರಬೇಕು ಅಂತ ನಗ್ತಾರೆ. ಜೀವಮಾನದಲ್ಲಿ ಒಂದ್ಸಲ ಮೊದಲು ಬಂದಿದ್ದೆ."

ಮೇಲ್ಮಹಡಿಯ ಡಾಕ್ಟ್ರಮ್ಮ ನಿವೃತ್ತ ಕಣ್ಣಿನ ವೈದ್ಯೆ. ಆ ಕಟ್ಟಡದಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಟೈಲರ್ ಅವರ ಬಲಗೈಯಂತೆ ಓಡಾಡುತ್ತಿದ್ದ, ಎಡವುತ್ತಲೂ ಇದ್ದ. ಡಾಕ್ಟ್ರಮ್ಮ ಎಲ್ಲವನ್ನೂ ಕೇಳಿ ಚಪ್ಪಲಿ ಮೆಟ್ಟಿ, "ನಡೀರಿ" ಎಂದರು.

ಅಂಗಡಿಯಲ್ಲಿ ಮಾಲೀಕರು, ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಮೇಲೆ ರೇಗಾಡುತ್ತಿದ್ದರು. ಅವರ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಶಟರ್‌ಗೆ ಸಿಕ್ತು. ಅದು ಬಿಡಿ, ಡಾಕ್ಟ್ರಮ್ಮ. ರಾತ್ರಿ ಕರೆಂಟು ಹೋಗಿದೆ, ಪಟ್ಟಿ ಅಳಿಸಿದೆ. ಇಲ್ಲಾಂದ್ರೆ ಇವನದೇ ಕೈವಾಡ. ಪಟ್ಟಿಯಲ್ಲಿ ಎರಡನೇ ಜಾಗ ಇವನದು. ಯಂತ್ರದ ಬೀಗದ ಕೈ ಇರೋದು ನಮ್ಮಿಬ್ಬರ ಹತ್ರ ಮಾತ್ರ."

ಮೆಕ್ಯಾನಿಕ್ ಮುಖ ಕೆಂಪಾಯಿತು. "ನಾನು ಅಕ್ಕನ್ನ ಆಡಿ ಸೋಲಿಸ್ತೀನಿ, ಕದ್ದು ಅಲ್ಲ."

"ಸೋಲಿಸೋದು ಹಗಲುಗನಸು ಬಿಡಪ್ಪ," ಎಂದಳು ಅಕ್ಕ, ಆ ದುಃಖದಲ್ಲೂ.

ಡಾಕ್ಟ್ರಮ್ಮ ಯಂತ್ರದ ಹಿಂಬಾಗಿಲು ತೆಗೆಸಿ ಕೈ ಚಾಚಿದರು. ಮೆಕ್ಯಾನಿಕ್ ಹಾರಿ ಬಂದು ತಡೆದ. "ಮುಟ್ಟಬೇಡಿ! ಈ ಪಿಕ್ಚರ್ ಟ್ಯೂಬು ಆರಿಸಿದ ಮೇಲೂ ಹೊಡೆಯುತ್ತೆ. ಒಳಗಿನ ವಿದ್ಯುತ್ತನ್ನ ಮೊದಲು ಇಳಿಸಬೇಕು."

"ಬೇರೆ ಯಂತ್ರಗಳಲ್ಲೂ ಇದೇ ಟ್ಯೂಬಾ?"

"ಈ ಗುಂಡಿನಾಟಕ್ಕೂ ಗೋಡೆ ಆಟಕ್ಕೂ ಒಂದೇ ಅಳತೆ."

ಗೋಡೆಗಳ ಆಟ ಬಾಗಿಲ ಬಳಿ ಆಗಲೇ ಕಂಬಳಿ ಹೊದ್ದು ಹಗ್ಗ ಬಿಗಿಸಿಕೊಂಡು ನಿಂತಿತ್ತು. ಮಾಲೀಕರೇ ಕಟ್ಟಿದ್ದಂತೆ.

ಟೈಲರ್ ಗುಂಡಿನಾಟದ ಮುಂದೆ ಬಗ್ಗಿ ನೋಡಿದ. ಪಟ್ಟಿಯ ಜಾಗದಲ್ಲಿ ಬರೀ ಸೊನ್ನೆಗಳು. ಹಿಂದೆ ಕಪ್ಪು ಆಕಾಶ, ನಕ್ಷತ್ರಗಳು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ಒರೆಸಿದ.

"ಡಾಕ್ಟ್ರಮ್ಮ, ನಂಗೆ ಪೊರೆ ಬಂತೇನೋ. ಕರಿ ಬಟ್ಟೆ ಮೇಲೆ ಸೀಮೆಸುಣ್ಣ ಹಾಕಿ ಒರೆಸಿದರೆ ಗೆರೆ ಪೂರ್ತಿ ಹೋಗಲ್ವಲ್ಲ, ಹಾಗೆ ಈ ಆಕಾಶದಲ್ಲಿ ಗೆರೆಗಳು ಕಾಣ್ತಿವೆ. ಮೂಲೆ ಮೂಲೆಯಾಗಿ."

ಡಾಕ್ಟ್ರಮ್ಮ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರ ಮುಖದಲ್ಲಿ, ಮೊದಲ ಸಲ ಮಗುವಿನ ಕಣ್ಣೊಳಗೆ ಇಣುಕಿದವರಂಥ ಬೆರಗಿತ್ತು. "ನಿನ್ನ ಕಣ್ಣು ಚೆನ್ನಾಗಿದೆ," ಎಂದರು. "ಇನ್ನೊಂದು ಹೇಳು. ನಿನ್ನ ಅಂಗಡಿಯ ಗೋಡೆ ಗಡಿಯಾರ ಕರೆಂಟಿನದಲ್ವಾ?"

"ಹೌದು, ಇದೇ ತಂತಿಯಿಂದ ಬರೋದು. ಕರೆಂಟು ಹೋದರೆ ಅಲ್ಲೇ ನಿಂತುಬಿಡುತ್ತೆ, ಆಮೇಲೆ ನಾನು ತಿರುಗಿಸಬೇಕು. ಇವತ್ತು ಸರಿಯಾಗಿಯೇ ಇತ್ತು." ಎಂದವನೇ ಗಾಬರಿಯಾದ. "ಅಲ್ವಾ? ಇನ್ನೊಂದ್ಸಲ ನೋಡಿ ಬರ್ಲಾ?"

"ನೋಡಿ ಬಾ. ಸಂಜೆ ಎಲ್ಲರೂ ಇಲ್ಲಿರಲಿ."

ಅವನು ನೋಡಿ ಬಂದ. ಗಡಿಯಾರ ಸರಿಯಾಗಿಯೇ ಇತ್ತು.

ಸಂಜೆ ಪ್ರದರ್ಶನದ ಮೇಡಂ ಬಂದರು. ಅಕ್ಕ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಡಾಕ್ಟ್ರಮ್ಮ ಹೊಡೆದಾಟದ ಯಂತ್ರಕ್ಕೆ ಒರಗಿ ನಿಂತು ಶುರುಮಾಡಿದರು.

"ಕರೆಂಟು ಹೋಗಿರಲಿಲ್ಲ. ಟೈಲರನ ಗಡಿಯಾರ ನಿಂತಿಲ್ಲ. ಅಂದ್ರೆ ಯಾರೋ ಬೇಕಂತಲೇ ಆರಿಸಿದ್ದಾರೆ. ಅಕ್ಕನ ಹೆಸರು ಅಳಿಸೋಕಾ? ಅಷ್ಟಕ್ಕೆ ಗೋಡೇಲಿರೋ ಪ್ಲಗ್ ಕಿತ್ತು ಹಾಕಿದರೆ ಸಾಕು. ಆದರೆ ಇಲ್ಲಿ ಟ್ಯೂಬೇ ಬದಲಾಗಿದೆ."

"ಟ್ಯೂಬಾ?" ಎಂದ ಮೆಕ್ಯಾನಿಕ್.

"ಒಂದೇ ಚಿತ್ರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಗಾಜಿನ ಒಳಗಿನ ಲೇಪ ಅಲ್ಲೇ ಸುಟ್ಟುಹೋಗುತ್ತೆ. ಆಕಾಶದಲ್ಲಿ ಟೈಲರ್ ಕಂಡ ಗೆರೆಗಳು ಗೋಡೆಗಳ ಆಟದವು. ಅದೊಂದರಲ್ಲೇ ಗೋಡೆಗಳು ಯಾವತ್ತೂ ಕದಲಲ್ಲ. ಆ ಯಂತ್ರದ ಸುಟ್ಟ ಗಾಜು ಈಗ ಇಲ್ಲಿದೆ. ಇಲ್ಲಿನ ಗಾಜು ಆ ಕಂಬಳಿಯೊಳಗಿದೆ."

"ಬದಲಾಯಿಸಿದವನು ಇವನೇ ಅಲ್ವಾ!" ಎಂದರು ಮಾಲೀಕರು.

"ಇವನಾಗಿದ್ರೆ ಮೊದಲು ವಿದ್ಯುತ್ ಇಳಿಸ್ತಿದ್ದ. ಮಾಡಿದವರಿಗೆ ಅದು ಗೊತ್ತಿರಲಿಲ್ಲ, ಬೆರಳು ಸುಟ್ಟಿತು. ಶಟರ್‌ಗೆ ಸಿಕ್ಕ ಬೆರಳು ಜಜ್ಜುತ್ತೆ, ಸ್ವಾಮಿ. ಆ ಬಟ್ಟೆ ಬಿಚ್ಚಿ, ಜಜ್ಜಿದೆಯೋ ಸುಟ್ಟಿದೆಯೋ ನಾನೇ ಹೇಳ್ತೀನಿ."

ಮಾಲೀಕರು ಬಟ್ಟೆ ಬಿಚ್ಚಲಿಲ್ಲ. ಸ್ಟೂಲಿನ ಮೇಲೆ ಕುಳಿತರು.

"ಅದು ನನ್ನ ಮೊದಲನೇ ಯಂತ್ರ," ಎಂದರು ಕೊನೆಗೆ. "ನನ್ನ ಹೆಸರಿನ ಫಲಕ ಹಾಕ್ತೀವಿ ಅಂದಿದ್ರು. ಸುಟ್ಟ ಮುಖ ಇಟ್ಕೊಂಡು ಅಷ್ಟು ಜನರ ಮುಂದೆ ಹೇಗೆ ನಿಲ್ಲಿಸೋದು? ಇವನಿಗೆ ಹೇಳಿದ್ರೆ ಪಟ್ಟಿ ಹೋಗುತ್ತೆ ಅಂತ ಒಪ್ತಿರಲಿಲ್ಲ. ಅಂಕ ತಾನೇ, ಅಕ್ಕ ಮತ್ತೆ ಹೊಡೀತಾಳೆ ಅಂದ್ಕೊಂಡೆ."

"ಮತ್ತೆ ಹೊಡೆಯೋಕೆ ಅದೇನು ಟಿಕೆಟ್ಟಾ?" ಅಕ್ಕನ ದನಿ ಬಿರಿಯಿತು. "ಆ ದಿನ ಹೇಗೆ ಆಡಿದೆ ಅಂತ ನಂಗೇ ಗೊತ್ತಿಲ್ಲ. ಮೂರು ವರ್ಷದಿಂದ ಆಡ್ತಾನೇ ಇದೀನಿ, ಅರ್ಧಕ್ಕೂ ಬಂದಿಲ್ಲ."

ಪ್ರದರ್ಶನದ ಮೇಡಂ ತಲೆ ತಗ್ಗಿಸಿದರು. "ನನಗೆ ನಂಬಿಕೆ ಇದೆ. ಆದ್ರೆ ಕಣ್ಣಾರೆ ನೋಡದೆ ನಾವು ಬರೆಯೋ ಹಾಗಿಲ್ಲ."

"ನೋಡಿ, ಹಾಗಾದ್ರೆ," ಎಂದರು ಡಾಕ್ಟ್ರಮ್ಮ. "ಹಗ್ಗ ಬಿಚ್ಚಿ. ದೀಪ ಎಲ್ಲ ಆರಿಸಿ."

ಕಂಬಳಿ ಜಾರಿತು. ಆರಿದ ಯಂತ್ರ, ಕತ್ತಲೆಯಂಥ ಗಾಜು. ಡಾಕ್ಟ್ರಮ್ಮ ಚೀಲದಿಂದ ಕಣ್ಣು ಪರೀಕ್ಷಿಸುವ ಪುಟ್ಟ ಟಾರ್ಚು ತೆಗೆದು ಗಾಜಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರು. ಮೊದಲು ಏನೂ ಇಲ್ಲ. ಬೆಳಕು ಇನ್ನಷ್ಟು ವಾಲಿತು. ಆಗ ಬೂದುಬಣ್ಣದಲ್ಲಿ, ನೀರಿನಡಿಯಿಂದ ಎದ್ದು ಬಂದಂತೆ, ಒಂದೊಂದೇ ಸಾಲು ಕಾಣಿಸಿತು. ತುದಿಯಲ್ಲಿ ಎ, ಕೆ, ಕೆ. ಪಕ್ಕದಲ್ಲಿ ಒಂಬತ್ತರಿಂದ ಶುರುವಾಗುವ ಅಂಕ, ಕೊನೆಯ ಸೊನ್ನೆಯವರೆಗೆ. ಕರೆಂಟಿಲ್ಲ, ಆಟವಿಲ್ಲ, ಆದರೂ ಅಕ್ಷರಗಳಿದ್ದವು.

ಅಕ್ಕ ಮುಂದೆ ಬಂದು ಗಾಜಿಗೆ ಬೆರಳು ತಾಗಿಸಲು ಹೋಗಿ, ತಾಗಿಸದೆ ಹಾಗೇ ಹಿಡಿದಳು. ಟೈಲರಿಗೆ ಕಣ್ಣು ಮಂಜಾಯಿತು. ಈ ಸಲ ಅವನು ಕನ್ನಡಕ ಒರೆಸಲಿಲ್ಲ.

"ಇವರು ಖಾಲಿ ಆಕಾಶ ನೋಡಿ ಈ ಗಾಜು ಸ್ವಚ್ಛವಾಗಿದೆ ಅಂದ್ಕೊಂಡ್ರು," ಎಂದರು ಡಾಕ್ಟ್ರಮ್ಮ ಮೆಲ್ಲಗೆ. "ಪಟ್ಟಿ ಹಗಲು ರಾತ್ರಿ ಉರೀಲಿ ಅಂತ ಇವರೇ ಮಾಡಿಸಿದ್ದು ಮರೆತುಹೋಯ್ತು. ಯಂತ್ರ ಮರೆತದ್ದನ್ನ ಗಾಜು ಮರೆತಿರಲಿಲ್ಲ."

"ಕಣ್ಣಾರೆ ನೋಡಿದೆ," ಎಂದರು ಮೇಡಂ. "ಬರೆಸ್ತೀನಿ. ಈ ಗಾಜನ್ನೂ ಹೀಗೇ, ಆರಿಸಿದ ಹಾಗೇ ಇಡ್ತೀನಿ."

ಮಾಲೀಕರು ನೆಲ ನೋಡುತ್ತಿದ್ದರು. "ನನ್ನ ಯಂತ್ರ ಇನ್ನು ಬೇಡ್ವೇನೋ."

ಉತ್ತರ ಕೊಟ್ಟವಳು ಅಕ್ಕ. "ಅದನ್ನೂ ತಗೊಂಡು ಹೋಗಿ ಮೇಡಂ. ಅದರ ಹಳೇ ಗಾಜು ಅದಕ್ಕೇ ಹಾಕ್ಸಿ. ಅಷ್ಟು ಜನ ಆಡಿ ಆಡಿ ಮೂಡಿದ ಗೋಡೆ ಅದು, ನಾಚಿಕೆ ಪಡೋಕೆ ಏನಿದೆ?" ಆಮೇಲೆ ಮಾಲೀಕರ ಕಡೆ ತಿರುಗಿದಳು. "ಮೊದಲು ಇವನ ಹತ್ರ ತಪ್ಪಾಯ್ತು ಅನ್ನಿ."

ಮಾಲೀಕರು ಎದ್ದು, ಸುಟ್ಟ ಕೈಯಲ್ಲೇ ಮೆಕ್ಯಾನಿಕ್ಕನ ಕೈ ಹಿಡಿದುಕೊಂಡರು.

ಟಾರ್ಚು ಆರಿಸುವ ಮುನ್ನ ಟೈಲರ್ ಇನ್ನೊಂದನ್ನು ಕಂಡ. ಅಕ್ಕನ ಸಾಲಿದ್ದ ಜಾಗದಲ್ಲೇ, ಅವಳ ಅಕ್ಷರಗಳ ಹಿಂದೆ, ಅವಕ್ಕಿಂತ ಎಷ್ಟೋ ಮಸುಕಾಗಿ, ಬೇರೆ ಮೂರು ಅಕ್ಷರಗಳ ನೆರಳು. ಈ ಅಂಗಡಿಗೆ ಬರುವ ಮೊದಲು ಯಂತ್ರ ಇನ್ನೆಲ್ಲೋ ಇತ್ತು ಎಂದರು ಮಾಲೀಕರು, ಎಲ್ಲೆಂದು ಅವರಿಗೂ ತಿಳಿಯದು. ಡಾಕ್ಟ್ರಮ್ಮ ಬೆಳಕನ್ನು ಎಷ್ಟು ಬಗೆಯಲ್ಲಿ ವಾಲಿಸಿದರೂ ನಡುವಿನ ಅಕ್ಷರ ಮಾತ್ರ ಓದಲು ಬಂತು. ಅಲ್ಲಿಯೂ ಎಂದೋ ಒಂದು ದಿನ ಇನ್ಯಾರೋ ಎಲ್ಲರಿಗಿಂತ ಮೊದಲು ಬಂದಿದ್ದರು. ಅದು ಯಾರೆಂದು ಆಗ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.