ಪಟ್ಟಿಯವನು ಕೇಳಿದ ಹೆಸರು

2009ರ ಡಿಸೆಂಬರ್ 7, ಸೋಮವಾರ, ಬೆಳಿಗ್ಗೆ 10.40. ಪುಣೆಯ ಈಶಾನ್ಯ ಅಂಚಿನ ಠಾಣೆಗೆ ತಾಯಿ ಮಗಳು ಬಂದರು. ಮಗಳು ದುರ್ಗಾ, ಇಪ್ಪತ್ತೆರಡು ವರ್ಷ, ಬಿ.ಕಾಂ. ತಾಯಿ ಯಮನವ್ವ, ಕಟ್ಟಡದ ಕೆಲಸದವಳು, ಯಾದಗಿರಿ ಕಡೆಯವಳು.

ಇನ್‌ಸ್ಪೆಕ್ಟರ್ ಶೀತಲ ಜಗತಾಪ ಮರಾಠಿಯಲ್ಲಿ ಕೇಳಿದರು. “ಏನು ಕಳುವಾಗಿದೆ?”

“ನನ್ನ ಇಮೇಲ್, ಮೇಡಂ.”

ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ದುರ್ಗಾಳಿಗೆ ಉಗ್ರಾಣ ಸಹಾಯಕಿಯ ಕೆಲಸ ಆಗಿತ್ತು. ಆದೇಶಪತ್ರ ಬಾರದ್ದರಿಂದ ಅವಳು ಅಲ್ಲಿಗೆ ಹೋಗಿ ವಿಚಾರಿಸಿದಾಗ, ಕೆಲಸ ಬೇಡವೆಂದು ನೀವೇ 3ನೇ ತಾರೀಖು ಬರೆದಿದ್ದೀರಲ್ಲ ಎಂದು ಪತ್ರ ತೋರಿಸಿದರು. ಪತ್ರ ಅವಳ ವಿಳಾಸದಿಂದಲೇ ಹೋಗಿತ್ತು. ಅವಳು ಬರೆದಿರಲಿಲ್ಲ. ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ಬದಲಾಗಿತ್ತು. ಪೊಲೀಸರ ಪತ್ರ ಶನಿವಾರ ಸಂಜೆ ಐದರೊಳಗೆ ಬಂದರೆ ಸರಿ, ಇಲ್ಲವಾದರೆ ಕಾಯುವವರ ಪಟ್ಟಿಯ ಮೊದಲನೆಯವರಿಗೆ ಕೆಲಸ ಎಂದು ಕಾರ್ಖಾನೆ ಹೇಳಿತ್ತು.

“ಯಾರ ಮೇಲಾದರೂ ಅನುಮಾನ?”

ಯಮನವ್ವ ಹವಾಲ್ದಾರ್ ಹೊಳಬಸಪ್ಪನ ಕಡೆ ತಿರುಗಿದಳು. ಅವನು ಅಕ್ಕಲಕೋಟದವನು, ಆ ಠಾಣೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ.

“ನಮ್ಮ ತಮ್ಮನ ಮಗ ಅದಾನ್ರಿ, ಕಿಶೋರ. ಇಕೀನ ಅವಗ ಕೊಡಲಿಲ್ಲಂತ ಭಾಳ ಸಿಟ್ಟದ ಅವಗ.”

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಗುರುತಿನ ಕಳವಿನ ಕಲಂ ಜಾರಿಗೆ ಬಂದು ಆರು ವಾರವೂ ಆಗಿರಲಿಲ್ಲ. ಬರಹಗಾರ ಪೊಲೀಸ್ ಅದರ ಸಂಖ್ಯೆಯನ್ನು ಆಯುಕ್ತರ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡ: 66-ಸಿ.

ಇಮೇಲ್ ಕಂಪನಿಯ ಉತ್ತರ ಬಂದದ್ದು 9ರ ಸಂಜೆ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ದಾರಿಯಿಂದ ಯಾರೋ ಒಳಗೆ ಹೋಗಿದ್ದರು. ಆ ದಾರಿಯಲ್ಲಿ ಕೇಳುವ ಗುಟ್ಟಿನ ಪ್ರಶ್ನೆ, ತಾಯಿಯ ಹೆಸರೇನು? ಡಿಸೆಂಬರ್ 1, ಸಂಜೆ 4.10ಕ್ಕೆ ಎರಡು ಸಲ ‘ರಂಗೂಬಾಯಿ’ ಎಂಬ ಉತ್ತರ ಬಂದಿತ್ತು; ಎರಡೂ ತಪ್ಪು. ಮರುದಿನ ಸಂಜೆ 6.35ಕ್ಕೆ ‘ಯಮನವ್ವ’. ಬಾಗಿಲು ತೆರೆದಿತ್ತು. ಎರಡು ದಿನವೂ ಬಳಕೆಯಾದದ್ದು ದುರ್ಗಾ ವಾಸವಿದ್ದ ಕೂಲಿಕಾರರ ಬಸ್ತಿಯ ಎದುರಿನ ನೆಟ್ ಕೆಫೆಯ ಸಂಪರ್ಕ.

10ನೇ ತಾರೀಖು ಬೆಳಿಗ್ಗೆ ಕಿಶೋರನನ್ನು ಕರೆತಂದರು. ಮೊಣಕೈವರೆಗೆ ಸಿಮೆಂಟ್ ಒಣಗಿತ್ತು. ಹೊಳಬಸಪ್ಪ ಕೇಳಿದ.

“ಇಮೇಲ್ ಮಾಡಾಕ ಬರ್ತದೇನು?”

“ಗ್ವಾಡಿಗೆ ಗಿಲಾವ ಮಾಡಾಕ ಬರ್ತದ್ರಿ.”

“ದುರ್ಗಾನ ಅವ್ವನ ಹೆಸರು?”

“ಯಮನವ್ವತ್ತಿ.”

“ರಂಗೂಬಾಯಿ ಯಾರು?”

ಕಿಶೋರ ನಿಜವಾಗಿಯೂ ಯೋಚಿಸಿದ. “ನಮ್ಮ ಕುಲದಾಗ ಆ ಹೆಸರಿನಾಕಿ ಇಲ್ರಿ. ಯಾರರ ಕಂಪ್ಲೇಂಟ್ ಕೊಟ್ಟಾಳೇನು ನನ್ನ ಮ್ಯಾಲೆ?”

ಶೀತಲ ಅವನನ್ನು ಕಳಿಸಿದರು. ಸರಿಯಾದ ಹೆಸರು ಬಲ್ಲವನು ಮೊದಲು ತಪ್ಪು ಹೆಸರು ಬರೆಯುವುದಿಲ್ಲ. ತಾಯಿಯನ್ನು ಹೊರಗೆ ಕೂರಿಸಿ ಮಗಳನ್ನು ಕರೆದರು.

“ರಂಗೂಬಾಯಿ ಯಾರು?”

ದುರ್ಗಾ ತಲೆ ತಗ್ಗಿಸಿದಳು. “ನಮ್ಮವ್ವನೇ, ಮೇಡಂ. ನನ್ನನ್ನು ಶಾಲೆಗೆ, ಒಂದನೇ ಇಯತ್ತೆಗೆ ಹಚ್ಚುವಾಗ ಹೆಡ್‌ಮಾಸ್ತರು, ಯಮನ ಹೆಸರು ರಿಜಿಸ್ಟರಿನಲ್ಲಿ ಬೇಡ ಅಂತ ತಾವೇ ರಂಗೂಬಾಯಿ ಅಂತ ಬರೆದುಕೊಂಡರು. ಈಗ ಎಲ್ಲ ಸರ್ಟಿಫಿಕೇಟಿನಲ್ಲೂ ಅದೇ. ಅವ್ವಗೆ ಗೊತ್ತಿಲ್ಲ.”

“ಇಮೇಲಿಗೆ ಮಾತ್ರ ಯಮನವ್ವ ಅಂತ ಏಕೆ ಕೊಟ್ಟೆ?”

“ಅದು ಸರ್ಕಾರಿ ಕಾಗದ ಅಲ್ಲವಲ್ಲ. ನಿಜ ಬರೆದೆ.”

ಹಾಗಾದರೆ ಕಳ್ಳ ದುರ್ಗಾಳನ್ನು ಬಲ್ಲವನಲ್ಲ, ಅವಳ ಕಾಗದ ಬಲ್ಲವನು. ಆ ಕಾಗದಗಳು ಸ್ಕ್ಯಾನ್ ಆದದ್ದು ಎದುರಿನ ಕೆಫೆಯಲ್ಲೇ. ಉಳಿದದ್ದು ಒಂದು ಪ್ರಶ್ನೆ: ಒಂದೇ ದಿನದಲ್ಲಿ ಸರಿಯಾದ ಹೆಸರು ಅವನಿಗೆ ಎಲ್ಲಿ ಸಿಕ್ಕಿತು?

ಹೊಳಬಸಪ್ಪ ಹೊರಗೆ ಹೋಗಿ ಯಮನವ್ವನ ಪಕ್ಕದಲ್ಲಿ ಕುಳಿತ. “ಯಕ್ಕಾ, ಹೋದ ವಾರ ಯಾರರ ಬಂದು ನಿನ್ನ ಹೆಸರು ಕೇಳಿದ್ರೇನು?”

“ಹೌದ್ರಿ. ಬುಧವಾರ, ಕೆಲಸದಿಂದ ಬಂದ ಮ್ಯಾಲೆ. ಓಟಿನ ಪಟ್ಟಿ ಬರಿಯಾಂವ. ಚಾ ಮಾಡಿಕೊಟ್ಟೆ.” ಅವಳು ಸೆರಗು ಸರಿಪಡಿಸಿಕೊಂಡಳು. “ಇಪ್ಪತ್ತು ವರ್ಷಾತು ಈ ಊರಿಗೆ ಬಂದು. ದುರ್ಗಾನ ಅವ್ವ, ಮಿಸ್ತ್ರಿ ಹೇಣ್ತಿ, ಏ ಬಾಯಿ ಅಂತಾರ, ಅಷ್ಟ. ನಿಮ್ಮ ಹೆಸರು ಏನ್ರಿ ಅಂತ ಕೇಳಿದಾಂವ ಅವನೊಬ್ಬನ ನೋಡ್ರಿ.”

“ಕಂಡ್ರ ಗುರುತು ಹಿಡೀತೀಯಾ?”

“ಚಾ ಕುಡದಾಂವನ ಮಾರಿ ಮರೀತೀನೇನು?”

ಬುಧವಾರ ಎಂದರೆ 2ನೇ ತಾರೀಖು.

ಅಂದು ಮಧ್ಯಾಹ್ನ 2.15ಕ್ಕೆ ಇಬ್ಬರು ಪಂಚರ ಸಮಕ್ಷಮ ಕೆಫೆಯಲ್ಲಿ ಪಂಚನಾಮೆ ನಡೆಯಿತು. ಕೆಫೆ ನೋಡಿಕೊಳ್ಳುತ್ತಿದ್ದವನು ಪ್ರೇಮಕುಮಾರ, ಬೀದರ ಕಡೆಯವನು, ವಯಸ್ಸು ಇಪ್ಪತ್ತೇಳು. ಅರ್ಜಿ ತುಂಬಿಸಿಕೊಳ್ಳಲು ಬಸ್ತಿಯವರೆಲ್ಲ ಅವನ ಬಳಿಗೇ ಹೋಗುತ್ತಿದ್ದರು. ಯಮನವ್ವ ಮಾತ್ರ ಆ ಮೆಟ್ಟಿಲು ಹತ್ತಿದವಳಲ್ಲ. ಗಿರಾಕಿಗಳಿಗೆ ಬಿಡದ ಕೌಂಟರಿನ ಕಂಪ್ಯೂಟರಿನಲ್ಲಿ ನೂರ ನಲವತ್ತು ಜನರ ಕಾಗದಗಳಿದ್ದವು, ಹೆಸರಿಗೊಂದು ಕಡತ. ದುರ್ಗಾಳ ಕಡತದಲ್ಲಿ ಅವಳು ಬರೆಯದ ಪತ್ರದ ಕರಡು ಸಿಕ್ಕಿತು.

ಅದೇ ಸಂಜೆ ಕಾರ್ಖಾನೆ ಕಾಯುವವರ ಪಟ್ಟಿಯನ್ನು ಫ್ಯಾಕ್ಸ್ ಮಾಡಿತು. ಮೊದಲ ಹೆಸರು ಪ್ರೇಮಕುಮಾರನದು.

11ನೇ ತಾರೀಖು ಬೆಳಿಗ್ಗೆ ಅವನನ್ನು ಠಾಣೆಗೆ ಕರೆತಂದಾಗ ಯಮನವ್ವ ಬೆಂಚಿನ ಮೇಲಿದ್ದಳು. ಯಾರೂ ತೋರಿಸಬೇಕಾಗಲಿಲ್ಲ. ಎದ್ದು ಅವನ ಎದುರೇ ನಿಂತಳು.

“ಏನಪಾ, ಪಟ್ಟಿ ಮುಗೀತೇನು?”

ಪ್ರೇಮಕುಮಾರ ಗೋಡೆ ನೋಡಿದ. ಅರ್ಧ ಗಂಟೆಯಲ್ಲಿ ಎಲ್ಲ ಹೇಳಿದ.

“ಇದುವರೆಗೆ ಎಷ್ಟು ಅರ್ಜಿ ತುಂಬಿಕೊಟ್ಟಿದ್ದೀಯ?” ಶೀತಲ ಕೇಳಿದರು.

“ಸಾವಿರ ದಾಟಿರಬಹುದು, ಮೇಡಂ. ಒಂದೂ ತಪ್ಪಿಲ್ಲ.”

“ನಿನ್ನವು?”

“ಮೂವತ್ತೊಂದು. ಕೆಲಸ ಆದವರೆಲ್ಲ ಪೇಢೆ ತಂದುಕೊಡ್ತಾರೆ. ಐದು ವರ್ಷದಿಂದ ತಿಂತಾ ಇದ್ದೀನಿ. ಈ ಸಲ ನನ್ನ ಮುಂದೆ ಒಂದೇ ಹೆಸರಿತ್ತು.”

ಮಧ್ಯಾಹ್ನ 12.20ಕ್ಕೆ ಬಂಧನ. ಶೀತಲ ಹೇಳಿಕೆಯ ಕೊನೆಯ ಸಾಲುಗಳನ್ನು ಅವನ ಮಾತಿನಲ್ಲೇ ಬರೆಸಿದರು.

ಪೊಲೀಸರ ಪತ್ರ ಚಾಕಣ ಮುಟ್ಟಿದಾಗ ಶುಕ್ರವಾರ ನಾಲ್ಕು ಗಂಟೆ, ಗಡುವಿಗೆ ಒಂದು ಇಡೀ ದಿನ ಮೊದಲೇ. ಐದಕ್ಕೆ ಫೋನ್ ಬಂತು. ದುರ್ಗಾ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು. ತಪ್ಪು ತಿಳಿದುದಕ್ಕೆ ಕ್ಷಮೆಯಿರಲಿ.

ಖಾತೆ ಮರಳಿ ಬಂದ ಮೇಲೆ ಶೀತಲ ಅವಳನ್ನು ತಮ್ಮ ಮೇಜಿನ ಬಳಿ ಕೂರಿಸಿಕೊಂಡರು. “ಹೊಸ ಪಾಸ್‌ವರ್ಡ್ ಹಾಕು. ನಾನು ಆ ಕಡೆ ನೋಡುತ್ತೇನೆ. ಗುಟ್ಟಿನ ಪ್ರಶ್ನೆಗೆ ನಿಜವನ್ನೇ ಬರೆಯಬೇಕೆಂದಿಲ್ಲ. ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಕು.”

ದುರ್ಗಾ ಬರೆದಳು. ಸುಳ್ಳು ಉತ್ತರ ಬರೆಯುವಾಗ ಅವಳಿಗೆ ನಗು ಬಂತು.

ಭಾನುವಾರ ಬಸ್ತಿಯಲ್ಲಿ ಯಮನವ್ವ ಮನೆಮನೆಗೂ ಶೇಂಗಾ ಹೋಳಿಗೆ ಹಂಚಿದಳು. ಕಿಶೋರನಿಗೆ ಎರಡು ಕೊಟ್ಟು, “ತಪ್ಪಾತು ತಮ್ಮಾ” ಎಂದಳು.

“ಸಿಮೆಂಟಿನ ಕೈಲೆ ಕಂಪ್ಯೂಟರ್ ಮುಟ್ಟೀನಿ ಅಂದ್ಯಲ್ಲತ್ತಿ, ನನಗ ಮಾನ ಬಂತು,” ಎಂದು ಅವನು ಮೂರನೆಯದಕ್ಕೆ ಕೈ ಚಾಚಿದ. ಹೊಳಬಸಪ್ಪನೂ ಬಂದಿದ್ದ.

“ಕಳ್ಳನ್ನ ಹಿಡಿಸಿಕೊಟ್ಟಾಕಿ ನಾನ,” ಯಮನವ್ವ ನೆರೆಯವರಿಗೆ ಹೇಳುತ್ತಿದ್ದಳು. ಆಮೇಲೆ ಮಗಳ ಕಡೆ ತಿರುಗಿದಳು. “ಅಲ್ಲಬೇ, ಅವಗ ನನ್ನ ಹೆಸರ ಯಾಕ ಬೇಕಾಗಿತ್ತ?”

ಹೊಳಬಸಪ್ಪ ಬಾಯಿ ತೆರೆದ. ದುರ್ಗಾ ಅವನನ್ನು ನೋಡಿ ತಲೆ ಅಲ್ಲಾಡಿಸಿದಳು. ಆ ಹೆಸರಿನಿಂದಲೇ ಬಾಗಿಲು ತೆರೆಯಿತೆಂಬುದು ದೋಷಾರೋಪ ಪಟ್ಟಿಯಲ್ಲಿ ಮರಾಠಿಯ ಒಂದು ಸಾಲಾಗಿ ಇರುತ್ತದೆ. ಅವ್ವನಿಗೆ ಓದಲು ಬಾರದು, ಅಪ್ಪ ಕೇಳುವವನಲ್ಲ.

“ಮನ್ಯಾಗ ಯಾರದಾರ ಅಂತ ನೋಡಾಕ ಬಂದಿದ್ದನವ್ವ. ಹೆಸರು ಸುಮ್ಮನ ಕೇಳಿದ.”

“ಸುಮ್ಮನ ಕೇಳಿದ್ರೂ ಮರ್ಯಾದಿಲೆ ಕೇಳಿದ ನೋಡು,” ಎಂದು ಯಮನವ್ವ ಮುಂದಿನ ಮನೆಗೆ ಹೋದಳು.

ದುರ್ಗಾ ಅವಳ ಹಿಂದೆ ಬುಟ್ಟಿ ಹಿಡಿದು ನಡೆದಳು. ಹೆಸರು ಕೇಳಿದವನು ಅದನ್ನು ಕದಿಯಲೆಂದೇ ಬಂದಿದ್ದನೆಂದು ಅವಳು ಅವ್ವನಿಗೆ ಎಂದೂ ಹೇಳುವುದಿಲ್ಲ.