ಸೋಮವಾರ ಬರದ ಹುಡುಗಿ

ಕೊನೆಮಾರಾ ಕಡಲತೀರದ ಆ ಐರಿಷ್ ಶಾಲೆಗೆ ಬಸ್ ಓಡಿಸುವ ಕೋಲ್ಮನ್ ನಕ್ಕರೆ ಎದುರಿನ ದ್ವೀಪದ ಕುರಿಗಳೂ ಮೇಯುವುದು ಬಿಟ್ಟು ತಲೆಯೆತ್ತುತ್ತಿದ್ದವು. ಸುಳ್ಳಾದರೆ ಕುರಿಗಳನ್ನೇ ಕೇಳಿ. ಅಂಥ ನಗೆ ಹೊತ್ತು ಅವನು ಮಂಗಳವಾರ ಬೆಳಿಗ್ಗೆ ಬಸ್ಸಿನಿಂದಿಳಿದ. ಕೈಹಿಡಿದು ನಿಂತವಳು ಅಕ್ಕನ ಮಗಳು ಶೀಫ್ರಾ, ಮೊನ್ನೆಯಷ್ಟೇ ಬರ್ಮಿಂಗ್‌ಹ್ಯಾಮಿನಿಂದ ತಾಯಿಯ ಜೊತೆ ಊರಿಗೆ ಮರಳಿದವಳು.

"ತಗೊಳ್ಳಿ ಮಿಸ್, ನಿಮ್ಮ ಹೊಸ ಹುಡುಗಿ! ಇವತ್ತೇ ಮೊದಲ್ನೇ ದಿನ. ಸ್ವಲ್ಪ ಕಚ್ತಾಳೆ, ಹುಷಾರು."

ಎರಡು ವರ್ಷದ ಹಿಂದಷ್ಟೇ ಶಾಲೆಗೆ ಸೇರಿದ ನೂಲಾ ಮಿಸ್ ನಿನ್ನೆ ತರಬೇತಿಗೆಂದು ಗಾಲ್ವೇಗೆ ಹೋಗಿದ್ದಳು, ದಾರಿಯುದ್ದಕ್ಕೂ ಹಾಡಿಕೊಂಡು. ಹುಡುಗಿಯನ್ನು ನಿನ್ನೆಯೇ ಕರೆತಂದಿರುತ್ತಾನೆಂದು ನಂಬಿ, ಇಂದು ಇವನಿಗೆ ಥ್ಯಾಂಕ್ಸ್ ಹೇಳಲೆಂದೇ ಗೇಟಿನ ಬಳಿ ಕಾದಿದ್ದಳು. ಈಗ ಎಷ್ಟು ಬಿಳಿಚಿಕೊಂಡಳೆಂದರೆ, ಪಕ್ಕದ ಸುಣ್ಣದ ಗೋಡೆಯೇ ಆರೋಗ್ಯವಾಗಿರುವಂತೆ ಕಂಡಿತು.

"ಇವತ್ತು ಮೊದಲ್ನೇ ದಿನಾನಾ? ಸೋಮವಾರ ಅಂದಿದ್ದೆ ತಾನೆ?"

"ಅಂದಿದ್ರಿ. ಆದ್ರೆ ನಮ್ಮಜ್ಜಿ ಬಾಗಿಲಿಗೆ ಅಡ್ಡ ನಿಂತ್ಬಿಟ್ಳು. ಸೋಮವಾರ ಹೊಸದೇನೂ ಶುರು ಮಾಡಬಾರ್ದಂತೆ. ಒಂದು ದಿನದಲ್ಲೇನಿದೆ?"

ಉತ್ತರ ಬಂದದ್ದು ಬಾಗಿಲಲ್ಲಿದ್ದ ಹೆಡ್ ಮಿಸ್ ಬಾರ್ಬರಾಳಿಂದ.

"ಒಂದು ದಿನದಲ್ಲಿ ಎಲ್ಲಾ ಇತ್ತು ಮಾರಾಯ! ಸೆಪ್ಟೆಂಬರ್ ಕೊನೇ ದಿನ ಎಷ್ಟು ಮಕ್ಕಳಿರ್ತಾರೋ, ಅದರ ಮೇಲೆ ಬರೋ ವರ್ಷದ ಟೀಚರ್ ಲೆಕ್ಕ. ಆ ಕೊನೇ ದಿನಾನೇ ನಿನ್ನೆ. ನಮಗೆ ಒಂದೇ ಒಂದು ಮಗು ಕಮ್ಮಿ. ಫೋನ್ ಮಾಡಿದ್ರೆ ನಿಮ್ಮಜ್ಜಿ 'ಸೋಮವಾರ ಬೇಡ' ಅಂತ ಇಟ್ಬಿಟ್ಳು."

"ಅಂದ್ರೆ?"

"ಮೂವರು ಟೀಚರ್ ಇಬ್ಬರಾಗ್ತೀವಿ. ಕೊನೆಗೆ ಬಂದವರು ಮೊದಲು ಹೋಗ್ಬೇಕು." ಬಾರ್ಬರಾ ನೂಲಾಳತ್ತ ನೋಡಲಾರದೆ ಶೀಫ್ರಾಳನ್ನು ಒಳಗೆ ಕರೆದೊಯ್ದಳು.

ಕೋಲ್ಮನ್‌ನ ನಗೆ ಉದುರಿಹೋಯಿತು. ಅಟ್ಲಾಂಟಿಕ್ ಸಾಗರವೇ ಉಸಿರು ಬಿಗಿಹಿಡಿಯಿತು. ದಿನವೂ ಬಸ್ಸಿನ ಕನ್ನಡಿಯನ್ನು ಮಕ್ಕಳ ಬದಲು ಗೇಟಿನಲ್ಲಿ ನಿಂತ ನೂಲಾಳತ್ತಲೇ ತಿರುಗಿಸುತ್ತಿದ್ದ ಆ ಗಂಡಸು ಈಗ ತನ್ನ ಬೂಟುಗಳನ್ನೇ ನೋಡುತ್ತ ನಿಂತ.

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ ಮಿಸ್? ಅಜ್ಜೀನ ಹೆಗಲ ಮೇಲೆ ಹೊತ್ತಾದ್ರೂ ಹುಡುಗೀನ ಕರ್ಕೊಂಡು ಬರ್ತಿದ್ದೆ."

"ಹೇಳಿದ್ರೆ ನೀನು ಕನಿಕರಪಟ್ಟು ಕರ್ಕೊಂಡು ಬರ್ತಿದ್ದೆ." ಎರಡು ವರ್ಷದ 'ನೀವು' ಅವಳ ಬಾಯಿಂದ ಗೊತ್ತಿಲ್ಲದೆ ಜಾರಿಹೋಗಿತ್ತು. "ನಂಗೆ ನಿನ್ನ ಕನಿಕರ ಬೇಕಿರ್ಲಿಲ್ಲ."

"ಮತ್ತೇನು ಬೇಕಿತ್ತು?"

ಅವಳು ಕೂದಲು ಸರಿಮಾಡುವ ನೆವದಲ್ಲಿ ಕಣ್ಣೊರೆಸಿಕೊಂಡಳು. ಗಾಳಿ ಕೂದಲನ್ನು ಮತ್ತೆ ಕೆದರಿತು. ಅವನು ಅದನ್ನು ಕಿವಿಯ ಹಿಂದಕ್ಕೆ ಸರಿಸಲು ಹೋಗಿ, ಬೆರಳನ್ನು ಅರ್ಧದಲ್ಲೇ ನಿಲ್ಲಿಸಿದ.

"ಬೇಸಿಗೆ ಕಳೆದ್ಮೇಲೆ ನನ್ನ ಯಾವ ಊರಿನ ಶಾಲೆಗೆ ಹಾಕ್ತಾರೋ ಏನೋ," ಅಂದಳು.

"ಎಲ್ಲಿಗಾದ್ರೂ ಹಾಕ್ಲಿ. ಬೆಳಿಗ್ಗೆ ನಾನೇ ಬಿಡ್ತೀನಿ. ಸಾಯಂಕಾಲ ನಾನೇ ಮನೆಗೆ ಕರ್ಕೊಂಡು ಬರ್ತೀನಿ." ಗಂಟಲು ಸರಿಮಾಡಿಕೊಂಡ. "ನಮ್ಮನೆಗೆ."

ನೂಲಾ ಬೆಚ್ಚಿ ತಲೆಯೆತ್ತಿದಳು. ಇಲ್ಲಿಯ ಕೆಲಸ ಹೋಯಿತೆಂದಾಗಲೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

"ಡೊನೆಗಾಲ್‌ಗೆ ಹಾಕಿದ್ರೆ? ಐದು ಗಂಟೆ ದಾರಿ ಅದು!"

"ಬೇಗ ಏಳ್ತೀನಿ."

ಬಸ್ಸಿನಲ್ಲಿ ಉಳಿದಿದ್ದ ಪೋರರು ಹಾರ್ನ್ ಒತ್ತಿದರು. ಅಳುವೋ ನಗುವೋ ತಿಳಿಯದ ಸ್ವರದಲ್ಲಿ ನೂಲಾ ಕೇಳಿದಳು, "ಇವತ್ತು ಯಾವ ವಾರ ಕೋಲ್ಮನ್?"

"ಮಂಗಳವಾರ."

"ಹಾಗಾದ್ರೆ ನಿಮ್ಮಜ್ಜಿ ಬೇಡ ಅನ್ನಲ್ಲ," ಎಂದು ಅರ್ಧದಲ್ಲಿ ನಿಂತಿದ್ದ ಆ ಬೆರಳನ್ನು ಹಿಡಿದುಕೊಂಡಳು.

ಊರಿಗೆಲ್ಲ ಕೇಳುವಂತೆ ನಗುವವನು ಆಗ ಮಾತ್ರ ನಗಲಿಲ್ಲ. ಹಾರ್ನ್ ಮತ್ತೆ ಮತ್ತೆ ಕೂಗಿದರೂ ಬೆರಳು ಬಿಡಿಸಿಕೊಳ್ಳಲಿಲ್ಲ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ.